ಆರತಿ ಬಣ್ಣದ ನೀರು

ಲೊಕ್ಕನಹಳ್ಳಿಯ ಮೇಲುಕೇರಿ ಬಾವಿಗೆ ಕಾಲರಾ ಪುಡಿ ಹಾಕಲು ಹೋಗುವ ಜಿಲ್ಲಾ ಬೋರ್ಡಿನ ನೌಕರರಿಗೆ ಒಂದು ಮಾತನ್ನು ಮೊದಲೇ ಹೇಳಿ ಕಳಿಸುತ್ತಿದ್ದರು. ದೊಡ್ಡಬಸಮ್ಮ ಬರುವವರೆಗೆ ಪುಡಿಯ ಡಬ್ಬಿ ತೆರೆಯಬೇಡಿ ಎಂದು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಅವಳು ಬಂದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದಳು. ನೀರು ಕೆಂಪಗಾಗುವುದನ್ನು ನೋಡುತ್ತಿದ್ದಳು. ಆಮೇಲೆ ಒಂದು ಚೊಂಬು ಸೇದಿ ಎಲ್ಲರ ಎದುರಿಗೆ ಕುಡಿಯುತ್ತಿದ್ದಳು. ಅದಾದ ಮೇಲೆಯೇ ಉಳಿದ ಹೆಂಗಸರು ಹಗ್ಗಕ್ಕೆ ಕೈ ಹಾಕುತ್ತಿದ್ದದ್ದು.

ನಾನು ಕೊಳ್ಳೇಗಾಲಕ್ಕೆ ಲೇಡಿ ಡಾಕ್ಟರಾಗಿ ಬಂದದ್ದು ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ. ಈ ಸಂಗತಿಯನ್ನು ನನಗೆ ಮೊದಲು ಹೇಳಿದವನು ಹೆಲ್ತ್ ಇನ್ಸ್‌ಪೆಕ್ಟರ್ ಶಿವನಂಜಯ್ಯ. ಆಮೇಲೆ ದೊಡ್ಡಬಸಮ್ಮನೇ ಹೇಳಿದಳು. ಇಬ್ಬರ ಮಾತೂ ಮುಖ್ಯ ವಿಷಯಗಳಲ್ಲಿ ಹೊಂದುತ್ತದೆ. ಹೊಂದದ ಕಡೆ ನಾನು ದೊಡ್ಡಬಸಮ್ಮನ ಮಾತನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಅವಳು ತನ್ನ ತಪ್ಪನ್ನು ಎಲ್ಲಿಯೂ ಸಣ್ಣದು ಮಾಡಿ ಹೇಳಲಿಲ್ಲ.

ಅವಳ ತವರು ಅಗರ. ಅದು ಯಳಂದೂರಿಗೆ ಸೇರಿದ ಊರು, ಅಂದರೆ ಆಗ ಮೈಸೂರು ಮಹಾರಾಜರ ಸೀಮೆ. ಕೊಟ್ಟದ್ದು ಕಾಡಂಚಿನ ಲೊಕ್ಕನಹಳ್ಳಿಗೆ. ಅದು ಕೊಳ್ಳೇಗಾಲ ತಾಲ್ಲೂಕು, ಅಂದರೆ ಮದರಾಸು ಪ್ರಾಂತ. ಅವಳ ಮದುವೆಯ ದಿಬ್ಬಣ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟಿದ್ದು ದಿಬ್ಬಣದಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ಎರಡೂ ಕಡೆ ಒಂದೇ ಮಾತು, ಒಂದೇ ಜನ, ಒಂದೇ ರಾಗಿ. ಗಂಡ ದೊಡ್ಡಮಾದಪ್ಪ ಒಳ್ಳೆಯ ಹೊಲವಿದ್ದ ಲಿಂಗವಂತ. ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದು. ಒಬ್ಬನೇ ಮಗ ಚನ್ನಪ್ಪ. ಸೊಸೆ ಸುವರ್ಣಮ್ಮ. ಮೊಮ್ಮಗ ಮಲ್ಲು, ಆಗಿನ್ನೂ ಪಂಚೆಯ ಚುಂಗು ಹಿಡಿದು ಅಜ್ಜನ ಹಿಂದೆ ಓಡಾಡುವ ವಯಸ್ಸು.

ಮೇಲುಕೇರಿಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಆರತಿಯ ತಟ್ಟೆ ದೊಡ್ಡಬಸಮ್ಮನ ಕೈಗೇ ಬರುತ್ತಿತ್ತು. ಅರಿಸಿನಕ್ಕೆ ಸುಣ್ಣ ಎಷ್ಟು ಬೆರೆಸಿದರೆ ನೀರು ಎಷ್ಟು ಕೆಂಪಾಗುತ್ತದೆ, ನಿವಾಳಿಸಿದ ನೀರನ್ನು ಯಾರೂ ತುಳಿಯದ ಹಾಗೆ ಎಲ್ಲಿ ಚೆಲ್ಲಬೇಕು, ಇದನ್ನೆಲ್ಲ ಅವಳನ್ನೇ ಕೇಳುತ್ತಿದ್ದರು. ಎಂಥ ದೃಷ್ಟಿ ತಗುಲಿದ್ದರೂ ಆ ಕೆಂಪು ನೀರು ಹೀರಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಹೀರಿಕೊಂಡ ಮೇಲೆ ಆ ನೀರು ವಿಷ. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಆ ಬೇಸಿಗೆ ಕಾಲರಾ ಎದ್ದಿತು. ಲೊಕ್ಕನಹಳ್ಳಿಯಲ್ಲಿ ಮೊದಲು ಕೆಳಕೇರಿಯಲ್ಲಿ ಇಬ್ಬರು ಹೋದರು. ಕೆಳಕೇರಿಗೆ ಬಾವಿಯಿರಲಿಲ್ಲ. ಮೇಲುಕೇರಿಯ ಬಾವಿ ಅವರು ಮುಟ್ಟುವಂತಿರಲಿಲ್ಲ. ಊರ ಕೆಳಗಿನ ಹಳ್ಳವೇ ಅವರಿಗೆ ಕುಡಿಯಲು, ಬಟ್ಟೆ ಒಗೆಯಲು, ದನ ತೊಳೆಯಲು. ಸತ್ತವರ ಬಟ್ಟೆಯನ್ನೂ ಅಲ್ಲೇ ಒಗೆದಿದ್ದರು.

ಗ್ರಾಮಾಧಿಕಾರಿಯ ವರದಿ ತಾಲ್ಲೂಕು ಕಚೇರಿಗೆ ಹೋಯಿತು. ಶಿವನಂಜಯ್ಯ ಪುಡಿಯ ಡಬ್ಬಿ ಹಿಡಿದು ಬಂದ. ಬಸ್ಸು ಮುಂದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಅವನು ಕೆಲಸ ಮುಗಿಸಬೇಕಿತ್ತು. ಹನೂರಿನ ಕಡೆಯ ಹಳ್ಳಿಗಳೂ ಅವನೊಬ್ಬನ ಪಾಲಿಗೇ ಬಿದ್ದಿದ್ದವು. ಬಕೆಟ್ಟಿನಲ್ಲಿ ಪುಡಿ ಕಲಸಿ ಬಾವಿಗೆ ಸುರಿದ. ಹೆಂಗಸರು ಕೊಡ ಹಿಡಿದು ಬಗ್ಗಿ ನೋಡಿದರು.

"ಏನ್ ಸಾ ಇದು, ಬಾವಿಗ್ ಬಾವೀನೇ ಆರತಿ ಆಗೋಯ್ತಲ್ಲ" ಎಂದಳು ಪಕ್ಕದ ಮನೆಯ ಪುಟ್ಟಬಸಮ್ಮ.

"ಔಸ್ದಿ ಕಣವ್ವ. ಇವತ್ತೊಂದಿನ ಬುಟ್ಬುಡಿ. ನಾಳೆಯಿಂದ ಇದ್ನೇ ಕುಡೀರಿ. ಹಳ್ಳದ ಕಡೀಕೆ ಮಾತ್ರ ಓಗ್ಬ್ಯಾಡಿ."

ಬಸ್ಸಿನ ಸದ್ದಾಯಿತು. ಅವನು ಓಡಿದ.

ಹೆಂಗಸರು ದೊಡ್ಡಬಸಮ್ಮನ ಮುಖ ನೋಡಿದರು. ಅವಳು ಒಂದು ಬೊಗಸೆ ನೀರನ್ನು ಬಿಸಿಲಿಗೆ ಹಿಡಿದು ನೋಡಿ ಕೆಳಗೆ ಚೆಲ್ಲಿದಳು. ಸೆರಗಿಗೆ ಕೈ ಒರೆಸಲಿಲ್ಲ, ಮಣ್ಣಿಗೆ ಒರೆಸಿದಳು.

"ಆರತಿ ನೀರ ಚೆಲ್ತಾರೆ ಕಣ್ರವ್ವ, ಕುಡಿಯಾಕಿಲ್ಲ. ಈ ಮನ್ಸ ಎಲ್ಲಿಂದ ಬಂದ? ಮಾರಿ ಇರೋ ಊರಿಂದ. ಎಲ್ಲೀಗ್ ಓದ? ಮಾರಿ ಇರೋ ಊರ್ಗೆ. ಅಲ್ಲೀದ ನಿವಾಳ್ಸಿ ತಂದು ಇಲ್ಲಿ ಸುರುದ್ಬುಟ್ಟು ಓದ."

"ಅಂಗಾದ್ರೆ ನೀರ್ಗೆ?"

"ಹಳ್ಳ ಇಲ್ವ."

ಇದು ದಡ್ಡತನದ ಮಾತಲ್ಲ. ಅವಳಿಗೆ ಗೊತ್ತಿದ್ದ ಶಾಸ್ತ್ರದೊಳಗೆ ಅದು ಸರಿಯಾದ ತರ್ಕ. ಬೋರ್ಡಿನ ಲೆಕ್ಕದಲ್ಲೂ ಎಲ್ಲ ಸರಿಯಾಗಿಯೇ ಇತ್ತು. ಬಾವಿಗೆ ಪುಡಿ ಬಿದ್ದಿತ್ತು, ಊರಿನ ಹೆಸರಿನ ಮುಂದೆ ಗುರುತು ಬಿದ್ದಿತ್ತು.

ಮೇಲುಕೇರಿಯ ಕೊಡಗಳು ಹಳ್ಳಕ್ಕೆ ಇಳಿದವು. ಅಲ್ಲಿ ಕೆಳಕೇರಿಯ ಜವರಮ್ಮ ನೀರು ತುಂಬುತ್ತಿದ್ದಳು. ಅವಳು ಕೊಡ ಪಕ್ಕಕ್ಕಿಟ್ಟು ದೂರ ಸರಿದು ನಿಂತಳು.

"ಬಾವಿ ನಿಮ್ಗ ಬ್ಯಾಡ್ದಿದ್ರ ನಮ್ಗಾರು ಸೇದಾಕಿ ಅವ್ವಾರೆ" ಎಂದಳು.

"ಮಾರಿ ನೀರ ನಿಂಗುಯ್ದು ಪಾಪ ಕಟ್ಕಳ್ಳನೇನೆ?" ಎಂದಳು ದೊಡ್ಡಬಸಮ್ಮ.

"ಕಟ್ಕಳಿ. ಪಾಪ ನಿಮ್ಗಿರ್ಲಿ, ನೀರ್ ನಮ್ಗಿರ್ಲಿ."

ಕೆಲವರು ನಕ್ಕರು. ಬಾವಿಯ ನೀರು ಬಾವಿಯಲ್ಲೇ ಉಳಿಯಿತು. ಮಾರನೆಯ ದಿನ ಅದರ ಕೆಂಪು ಮಾಸಿ ಕಂದು ಬಣ್ಣಕ್ಕೆ ತಿರುಗಿತು. ರಕ್ತ ಹೆಪ್ಪುಗಟ್ಟಿತು ಎಂದರು.

ಆಮೇಲೆ ಮೇಲುಕೇರಿಯಲ್ಲಿ ಶುರುವಾಯಿತು. ಪುಟ್ಟಬಸಮ್ಮನ ಮನೆಯಲ್ಲಿ ಅವಳ ಮಗಳು, ಅಳಿಯ ಇಬ್ಬರೂ ಹೋದರು. ಚನ್ನಪ್ಪ ಬೆಳಿಗ್ಗೆ ಹೊಲಕ್ಕೆ ಹೋದವನು ಬಿಸಿಲೇರುವ ಮೊದಲೇ ಹಿಂದಿರುಗಿ ಕೊಟ್ಟಿಗೆಯ ಗೋಡೆ ಹಿಡಿದು ಕುಳಿತ. ಮಧ್ಯಾಹ್ನಕ್ಕೆ ಕಣ್ಣುಗಳು ಒಳಗೆ ಇಳಿದವು, ಬೆರಳ ತುದಿ ಒಣಗಿದ ಅವರೆಕಾಯಿಯ ಹಾಗೆ ಸುಕ್ಕಾಯಿತು, ದನಿ ಹೋಯಿತು. ನೀರಿಗೆ ಕೈ ಮಾಡಿ ಕೇಳಿದ. ತಾಯಿ ಚೊಂಬು ಚೊಂಬು ಕುಡಿಸಿದಳು, ಹಳ್ಳದ ನೀರನ್ನು. ಸೂರ್ಯ ಮುಳುಗುವುದರೊಳಗೆ ಅವನನ್ನು ಹೊಲದ ಬದುವಿನಲ್ಲಿ ಹೂಳಿದರು. ಊರಿನ ಅಯ್ಯನವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದರು, ಆದ್ದರಿಂದ ಮಂತ್ರ ಹೇಳುವವರೂ ಇರಲಿಲ್ಲ.

ಶಿವನಂಜಯ್ಯ ಮತ್ತೆ ಬಂದಾಗ ಬಾವಿ ತುಂಬಿ ನಿಂತಿತ್ತು. ಬೇಸಿಗೆಯಲ್ಲಿ ಆ ಬಾವಿ ತುಂಬಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಒಂದು ಕ್ಷಣ ನೋಡಿ ನೇರವಾಗಿ ದೊಡ್ಡಬಸಮ್ಮನ ಜಗಲಿಗೆ ಬಂದ.

"ಇದ ಯಾರೂ ಮುಟ್ಟೇ ಇಲ್ವಲ್ಲವ್ವ. ಎಲ್ಲೀ ನೀರ್ ಕುಡೀತಿದ್ದೀರಿ?"

ಒಳಗಿನಿಂದ ಸುವರ್ಣಮ್ಮ ಹೇಳಿದಳು, "ಹಳ್ಳದ್ದು."

ಅವನು ತಲೆಯ ಮೇಲೆ ಕೈಯಿಟ್ಟು ಕುಳಿತುಬಿಟ್ಟ. ಆಮೇಲೆ ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ, ಹಳ್ಳದಲ್ಲಿ ಏನಿದೆ, ಪುಡಿ ಏನು ಮಾಡುತ್ತದೆ ಎಂದು ವಿವರಿಸಿದ. ಮೊದಲನೆಯ ದಿನ ಹೇಳಬೇಕಾಗಿದ್ದದ್ದು ಅದು. ದೊಡ್ಡಬಸಮ್ಮ ಕೇಳಿಸಿಕೊಂಡಳು. ಆದರೆ ಒಪ್ಪಲಿಲ್ಲ. ಒಪ್ಪಿದರೆ ಮಗನನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಉಳಿಯುತ್ತಿತ್ತು. ಅದಕ್ಕೆ ಅವಳು ಬೇರೆ ಮಾತು ತೆಗೆದಳು.

"ಸೂಜಿ ಅದೆಯಂತಲ್ಲ. ಹಾಕುದ್ರೆ ಮಾರಿ ಹತ್ರ ಬರಾಕಿಲ್ವಂತೆ. ನಮ್ ಮೊಗೀಗೆ ಅದ ಹಾಕಿ."

"ನನ್ತಾವ ಇದ್ರೆ ಹಾಕ್ದೆ ಇದ್ನಾ?"

ಸೂಜಿಮದ್ದು ಹೇಗೆ ಬರಬೇಕು ಎಂದು ಅವನು ಹೇಳಿದ. ಊರಿನ ವರದಿ ತಾಲ್ಲೂಕಿಗೆ, ಅಲ್ಲಿಂದ ಘಟ್ಟದ ಕೆಳಗಿನ ಜಿಲ್ಲಾ ಕಚೇರಿಗೆ. ಅವರು ಎಲ್ಲ ತಾಲ್ಲೂಕುಗಳ ಬೇಡಿಕೆ ಕೂಡಿಸಿ ಮದರಾಸಿಗೆ ಬರೆಯಬೇಕು. ಮದ್ದು ರೈಲಿನಲ್ಲಿ ಬಂದು, ಬಿಸಿಲಿಗೆ ಕೆಡದಂತೆ ಬಸ್ಸಿನಲ್ಲಿ ಘಟ್ಟ ಹತ್ತಬೇಕು. ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತಿತ್ತು. ಇತ್ತ ಅಗರದಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರು ಮಠದ ಜಗಲಿಯಲ್ಲಿ ಕುಳಿತು ಸೂಜಿ ಹಾಕುತ್ತಿದ್ದರು. ಅವರಲ್ಲಿ ಕೇಳಬೇಕಾದರೆ ಶಿವನಂಜಯ್ಯನ ಕಾಗದ ಜಿಲ್ಲೆಗೆ, ಮದರಾಸಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಅಗರಕ್ಕೆ ಇಳಿಯಬೇಕು. ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿಗೆ ಕಾಗದ ದಕ್ಷಿಣ ದೇಶವನ್ನೆಲ್ಲ ಸುತ್ತಬೇಕಾಗಿತ್ತು.

"ಬರ್ದಿದ್ದೀನಿ ಕಣವ್ವ. ಬರ್ದು ಆಗದೆ" ಎಂದ.

"ಅಗರ ನನ್ ತವ್ರು" ಎಂದಳು ದೊಡ್ಡಬಸಮ್ಮ. "ನಂಗ್ಯಾಕೆ ಕಾಗ್ದ?"

ದೊಡ್ಡಮಾದಪ್ಪ ಗಾಡಿ ಕಟ್ಟಿದ. ಸುವರ್ಣಮ್ಮ ಮಲ್ಲುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅವಳು ಗಂಡ ಸತ್ತಾಗಿನಿಂದ ಅತ್ತೆಯ ಜೊತೆ ಮಾತಾಡಿರಲಿಲ್ಲ. ಗಾಡಿಯಲ್ಲಿ ಒಂದು ಕೊಡ ನೀರು. ಅದೂ ಹಳ್ಳದ್ದೇ.

ಅಗರದ ಎಲ್ಲೆಯಲ್ಲಿ ದಾರಿಗೆ ಅಡ್ಡವಾಗಿ ಮುಳ್ಳು ಕಡಿದು ಹಾಕಿದ್ದರು. ಮೇಲೆ ಬೇವಿನ ಸೊಪ್ಪಿನ ತೋರಣ. ಎಲ್ಲೆಯ ಈಚೆಗೆ ಒಂದು ಹಳೆಯ ಮೊರ, ಪೊರಕೆ, ಹಸಿರು ಬಳೆ, ಒಡೆದ ಕುಡಿಕೆ. ಊರಿನ ಮಾರಿಯನ್ನು ಎಲ್ಲೆ ದಾಟಿಸಿ ಬಿಟ್ಟು ಬಂದ ಗುರುತು. ಹೀಗೆ ಬಿಟ್ಟ ಮೇಲೆ ಮಾರಿಯಿರುವ ಊರಿನವರು ಒಳಗೆ ಕಾಲಿಡಬಾರದು ಎಂಬುದು ಕಟ್ಟಳೆ. ದೊಣ್ಣೆ ಹಿಡಿದು ನಿಂತವರಲ್ಲಿ ದೊಡ್ಡಬಸಮ್ಮನ ತಮ್ಮ ಗುರುಮಲ್ಲಪ್ಪನೂ ಇದ್ದ.

"ಅಲ್ಲೇ ನಿಲ್ಸಿ ಬಾವ ಗಾಡಿಯ" ಎಂದ. ಅಕ್ಕನ ಕಡೆ ನೋಡಲಿಲ್ಲ.

"ಯಾಕ್ಲಾ ಗುರುಮಲ್ಲ, ನಾನ್ಯಾರು ಅಂತ ಗೊತ್ತಾಗ್ನಿಲ್ವ?"

"ಗೊತ್ತಾಯ್ತು ಕಣಕ್ಕ. ಅದ್ಕೇ ನಿಲ್ಸಿ ಅಂದದ್ದು. ನಾವು ನಮ್ಮೋಳ್ನ ಮೊನ್ನೆ ತಾನೆ ಎಲ್ಲೆ ದಾಟ್ಸಿ ಬುಟ್ಟು ಬಂದೀವಿ."

"ಬುಟ್ಟೋಳು ನೆಟ್ಟಗೆ ನಮ್ಮನೇಗೇ ಬಂದ್ಲು ಕಣಪ್ಪ" ಎಂದ ದೊಡ್ಡಮಾದಪ್ಪ. "ಮಗನ್ನ ತಿಂದ್ಲು. ನಿಮ್ಮೋಳ್ನ ವಾಪಸ್ ತಂದಿದ್ದೀವಿ, ಇಳ್ಸ್ಕಳಿ."

ದೊಣ್ಣೆ ಹಿಡಿದವರು ಎರಡು ಹೆಜ್ಜೆ ಹಿಂದೆ ಸರಿದರು. ಚನ್ನಪ್ಪ ಸತ್ತದ್ದು ಗುರುಮಲ್ಲಪ್ಪನಿಗೆ ಗೊತ್ತಾದದ್ದು ಹೀಗೆ.

ದೊಡ್ಡಬಸಮ್ಮ ಗಾಡಿಯಿಂದಿಳಿದು ಮುಳ್ಳಿನ ಹತ್ತಿರ ನಿಂತಳು. "ನಾ ಬರಾಕಿಲ್ಲ. ಸೊಸೇನೂ ಬರಾಕಿಲ್ಲ. ಮೊಗ ಒಂದ್ನ ಎತ್ಕಂಡ್ ಓಗಿ ಸೂಜಿ ಹಾಕ್ಸ್ಲಾ. ಅಗರದ್ದು ಅನ್ನು. ನಿನ್ ಮೊಮ್ಮಗ ಅನ್ನು."

ಅವನು ಮಗುವನ್ನು ಎತ್ತಿಕೊಳ್ಳಲಿಲ್ಲ. ಆದರೆ ಹೋಗಿ ಡಾಕ್ಟರನ್ನು ಕರೆತಂದ. ಡಾಕ್ಟರು ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಮುಖ. ಕೆಟ್ಟವರಲ್ಲ. ಮುಳ್ಳಿನಾಚೆಯಿಂದಲೇ ಮಗುವನ್ನು ನೋಡಿ ಕೇಳಿದರು, "ಯಾವ ಊರಪ್ಪ ನಿಂದು?"

ಊರು ಕೇಳಿದರೆ ಏನು ಹೇಳಬೇಕೆಂದು ಮಾತು ಬಂದಾಗಲೇ ಅಜ್ಜ ಕಲಿಸಿದ್ದ. ಮಲ್ಲು ಗಟ್ಟಿಯಾಗಿ ಹೇಳಿದ, "ಲೊಕ್ಕನಳ್ಳಿ."

ಡಾಕ್ಟರು ತಲೆ ತಗ್ಗಿಸಿದರು. "ಈ ಹೋಬಳಿಯ ತಲೆ ಎಣಿಸಿ ನನಗೆ ಮದ್ದು ಕೊಟ್ಟಿದ್ದಾರೆ, ಅಮ್ಮ. ಇವತ್ತು ನಿಮ್ಮ ಮಗುವಿಗೆ ಹಾಕಿದರೆ ನಾಳೆ ಕೊಳ್ಳೇಗಾಲದ ದಾರಿಯುದ್ದಕ್ಕೂ ಗಾಡಿ ನಿಲ್ಲುತ್ತವೆ. ಇಲ್ಲಿಯವರಿಗೆ ಏನು ಹೇಳಲಿ? ನಿಮ್ಮ ಬೋರ್ಡಿನವರು ಬರೆದು ಕೇಳಿದರೆ ನನ್ನದೇನೂ ಅಡ್ಡಿಯಿಲ್ಲ."

"ಬರ್ದವ್ರಂತೆ ಸಾ."

"ನನಗೆ ಬಂದಿಲ್ಲ." ಅವರು ಹೊರಟವರು ನಿಂತು ಕೇಳಿದರು, "ನಿಮ್ಮ ಬಾವಿಗೆ ಕೆಂಪು ಪುಡಿ ಹಾಕಿಲ್ಲವೆ?"

"ಹಾಕವ್ರೆ" ಎಂದಳು ಸುವರ್ಣಮ್ಮ ಗಾಡಿಯೊಳಗಿನಿಂದ.

"ಮತ್ತೆ? ಸೂಜಿ ಹಾಕಿದರೂ ಮೈಗೆ ಹಿಡಿಯಲು ದಿನಗಳು ಬೇಕು. ಆ ನೀರು ಇವತ್ತೇ ಕೆಲಸ ಮಾಡುತ್ತದೆ. ಅದನ್ನು ಊರಲ್ಲಿ ಬಿಟ್ಟು ಇಷ್ಟು ದೂರ ಬಂದಿರಾ?"

ದೊಡ್ಡಬಸಮ್ಮ ಅವರ ಮುಖ ನೋಡುತ್ತಿರಲಿಲ್ಲ. ಮುಳ್ಳಿನಾಚೆ, ಕೂಗಳತೆಯಲ್ಲಿ, ಅವಳು ಹುಡುಗಿಯಾಗಿದ್ದಾಗ ನೀರು ಸೇದಿದ ಬಾವಿ ಕಾಣುತ್ತಿತ್ತು. ಗುರುಮಲ್ಲಪ್ಪನ ಹೆಂಡತಿ ಅಲ್ಲಿ ಕೊಡ ಬಗ್ಗಿಸಿ ಮಕ್ಕಳ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. ನೀರು ಕೆಂಪಗಿತ್ತು. ಮಕ್ಕಳು ಮೂಗು ಮುರಿದು ಕುಡಿಯುತ್ತಿದ್ದವು.

"ಏನ್ಲಾ ಅದು" ಎಂದಳು ತಮ್ಮನಿಗೆ. "ಆರತಿ ನೀರ ಕುಡೀತೀರಾ ನೀವು?"

"ಮೊದ್ಲು ಯಾರೂ ಕುಡೀನಿಲ್ಲ. ಮಠದ ಅಯ್ನೋರು ನಾಕ್ ಜನದ ಮುಂದೆ ನಿಂತ್ಕಂಡು ಕುಡುದ್ರು. ಅಮ್ಯಾಕೆ ನಾವು ಕುಡುದ್ವಿ. ನಿಮ್ಮೂರಲ್ಲಿ ಅಂಗೆ ಕುಡ್ದು ತೋರ್ಸೋರು ಯಾರೂ ಇರ್ನಿಲ್ವ?"

ಉತ್ತರ ಕೊಟ್ಟವನು ದೊಡ್ಡಮಾದಪ್ಪ.

"ನಮ್ಮೂರ್ಗೆ ಅಯ್ನೋರು ನಿಮ್ಮಕ್ಕನೇ ಕಣಪ್ಪ."

ಗುರುಮಲ್ಲಪ್ಪ ಒಂದು ಗಂಟು ಕಡ್ಲೆಪುರಿಯನ್ನೂ ಬೆಲ್ಲವನ್ನೂ ತಂದು ಎಲ್ಲೆಕಲ್ಲಿನ ಮೇಲಿಟ್ಟು ಹಿಂದೆ ಸರಿದ. ದೊಡ್ಡಬಸಮ್ಮ ಅದನ್ನು ಮುಟ್ಟಲಿಲ್ಲ. ಸುವರ್ಣಮ್ಮ ಇಳಿದು ಬಂದು ಮಗುವಿಗೆಂದು ತೆಗೆದುಕೊಂಡಳು.

ಹಿಂತಿರುಗುವಾಗ ಮಲ್ಲು ನೀರು ಕೇಳಿದ. ದೊಡ್ಡಬಸಮ್ಮ ಕೊಡವನ್ನೆತ್ತಿ ಗಾಡಿಯ ಹಿಂದಿನಿಂದ ದಾರಿಗೆ ಪೂರ್ತಿ ಚೆಲ್ಲಿಬಿಟ್ಟಳು.

ಆಗ ಸುವರ್ಣಮ್ಮ ಅವಳ ಜೊತೆ ಮಾತಾಡಿದಳು. "ಈಗ ಗೊತ್ತಾಯ್ತ?"

ದೊಡ್ಡಬಸಮ್ಮ ಖಾಲಿ ಕೊಡವನ್ನು ಬೋರಲು ಹಾಕಿದಳು.

"ಅವ್ರು ನೀರ್ ನೀರ್ ಅಂತ ಕೈ ಮಾಡುದ್ರು. ನಾ ಬಾವೀದ್ ತತ್ತೀನಿ ಅಂದೆ. ನೀವು ಬ್ಯಾಡ ಅಂದ್ರಿ. ಜ್ಞಾಪ್ಕ ಅದ?"

"ಅದೆ."

ಮಧುವನಹಳ್ಳಿಯಲ್ಲಿ ಗುರುತಿನವರ ಬಾಗಿಲಲ್ಲಿ ನಿಂತು ಕಾಯಿಸಿದ ನೀರು ಕೇಳಿದರು. ಅವರು ಹೊಸಿಲಿನಿಂದಲೇ, ಎತ್ತರದಿಂದ, ಚೊಂಬಿಗೆ ಹೊಯ್ದರು.

ಊರು ಸೇರಿದಾಗ ಬೆಳಗಾಗಿತ್ತು. ಶಿವನಂಜಯ್ಯ ಬಾವಿಗೆ ಹೊಸದಾಗಿ ಪುಡಿ ಹಾಕಿ ಕಟ್ಟೆಯ ಮೇಲೆ ಕುಳಿತಿದ್ದ. ಹೆಂಗಸರು ಖಾಲಿ ಕೊಡ ಹೊತ್ತು ಅವನ ಮುಂದೆಯೇ ಹಳ್ಳದ ಕಡೆಗೆ ನಡೆದಿದ್ದರು. ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ದೊಡ್ಡಬಸಮ್ಮ ಗಾಡಿಯಿಂದಿಳಿದವಳು ನೇರ ಬಾವಿಗೆ ಹೋಗಿ ಸೇದಿ, ಚೊಂಬನ್ನೆತ್ತಿ ಗಟಗಟ ಕುಡಿದಳು.

"ನಾ ಅವತ್ತು ಅಂದಿದ್ದು ತಪ್ಪು" ಎಂದಳು. "ಇದು ಆರತಿ ನೀರಲ್ಲ. ಅಗರದಲ್ಲಿ ಇದ್ನೇ ಕುಡೀತಾವ್ರೆ. ಹಳ್ಳದ್ದ ಬುಟ್ಬುಡಿ."

ಹೆಂಗಸರು ನಿಂತರು. ಯಾರೂ ಹತ್ತಿರ ಬರಲಿಲ್ಲ. ಮಗನ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಪುಟ್ಟಬಸಮ್ಮ ಕೊಡವನ್ನು ಸೊಂಟದಿಂದ ಇಳಿಸಲಿಲ್ಲ. "ನೀನೇನೋ ಕುಡೀತೀಯ ದೊಡ್ಡಬಸಕ್ಕ. ಬಾಳಿ ಬದುಕ್ದೋಳು, ಮಗ ಓದ್ಮೇಲೆ ನಿಂಗೇನು. ಅವತ್ತೂ ನೀನೇ ಯೋಳ್ದೆ, ಇವತ್ತೂ ನೀನೇ ಯೋಳ್ತೀಯ. ಯಾವ್ದ ನಂಬಾದು? ನಿನ್ ಮಾತ್ಗೆ ನನ್ ಮಗ್ಳು ಓದ್ಲು." ಅವಳ ದನಿ ಏರಲಿಲ್ಲ. "ನಿನ್ ಮೊಮ್ಮಗನ್ಗೆ ಕುಡ್ಸು, ನೋಡಾನ."

ದೊಡ್ಡಬಸಮ್ಮ ಇನ್ನೊಂದು ಚೊಂಬು ಸೇದಿದಳು. ಗಾಡಿಯ ಹತ್ತಿರ ಬಂದಳು. ಆಗ ಅವಳು ಚೊಂಬನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಂಡಳು ಎಂದು ಶಿವನಂಜಯ್ಯ ಹೇಳಿದ. ಅವಳನ್ನು ಕೇಳಿದಾಗ, "ಇಡ್ದೆ ಇರ್ತೀನಾ? ನಂಗೂ ಪೂರ್ತಿ ನಂಬ್ಕೆ ಇರ್ನಿಲ್ಲ" ಎಂದಳು. ಮಗು ಆಗಲೇ ವಾರಗಟ್ಟಲೆ ಹಳ್ಳದ ನೀರು ಕುಡಿದಿತ್ತು. ರೋಗ ಒಳಗೆ ಸೇರಿದ್ದರೆ ನಾಳೆ ನಾಡಿದ್ದರಲ್ಲಿ ಎದ್ದೇಳುತ್ತಿತ್ತು. ಹಾಗಾದರೆ ಊರೆಲ್ಲ ಕೆಂಪು ನೀರೇ ಕೊಂದಿತು ಎನ್ನುತ್ತಿತ್ತು, ಆ ಬಾವಿಯನ್ನು ಯಾರೂ ಮತ್ತೆ ಮುಟ್ಟುತ್ತಿರಲಿಲ್ಲ. ಇದು ಶಿವನಂಜಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಿಲ್ಲ. ಅವನ ಹತ್ತಿರ ಬೇರೆ ಉಪಾಯವಿರಲಿಲ್ಲ.

ಸುವರ್ಣಮ್ಮ ಮಗುವನ್ನು ದೊಡ್ಡಮಾದಪ್ಪನ ಕೈಗೆ ಕೊಟ್ಟು ಕೆಳಗಿಳಿದಳು. ಅತ್ತೆಯ ಕೈಯಿಂದ ಚೊಂಬನ್ನು ಕಿತ್ತುಕೊಂಡಳು. ಚೆಲ್ಲುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಅವಳು ಎತ್ತಿ ಹೊಯ್ದುಕೊಂಡು ಅರ್ಧ ಕುಡಿದಳು. ಆಮೇಲೆ ಮಗುವಿನ ಬಾಯಿಗೆ ತಾನೇ ಹೊಯ್ದಳು.

"ನೀವ್ ಕುಡ್ಸುದ್ರೆ ನಾ ಸಾಯೋಗಂಟ ನಿಮ್ಮನ್ನೇ ಅನ್ಬೇಕಾಯ್ತದೆ" ಎಂದಳು. "ನಾನೇ ಕುಡಿಸ್ತೀನಿ."

ಹೆಂಗಸರು ನೋಡಿದರು, ಮತ್ತೆ ಹಳ್ಳಕ್ಕೆ ಹೋದರು. ಆ ದಿನ ಬಾವಿಯ ನೀರಿಗೆ ಬಂದವಳು ಜವರಮ್ಮ ಒಬ್ಬಳೇ. ಕೊಡವನ್ನು ದೂರದಲ್ಲಿಟ್ಟು ನಿಂತಳು. ದೊಡ್ಡಬಸಮ್ಮ ಸೇದಿ ಅದಕ್ಕೆ ಹೊಯ್ದಳು. ಹಗ್ಗ ಮುಟ್ಟಲು ಬಿಡಲಿಲ್ಲ. ಅಷ್ಟು ಬದಲಾಗಿದ್ದಳೆಂದು ನಾನು ಬರೆದರೆ ಸುಳ್ಳಾಗುತ್ತದೆ.

ಮುಂದಿನ ದಿನಗಳಲ್ಲಿ ಊರೆಲ್ಲ ಆ ಮನೆಯ ಬಾಗಿಲನ್ನು ಕಾಯಿತು. ಮಲ್ಲು ಅಂಗಳಕ್ಕೆ ಬಂದನೆ, ಸುವರ್ಣಮ್ಮ ಎದ್ದಿದ್ದಾಳೆಯೆ ಎಂದು. ಮಲ್ಲುವಿಗೆ ಒಮ್ಮೆ ಹೊಟ್ಟೆ ನೊಂದಿತು. ದೊಡ್ಡಬಸಮ್ಮ ಕಂಬಕ್ಕೆ ಆತುಕೊಂಡು ಕುಳಿತವಳು ಅವನು ಮತ್ತೆ ಎದ್ದು ಕಡ್ಲೆಪುರಿ ಕೇಳುವವರೆಗೆ ಅಲುಗಲಿಲ್ಲ. ಅಷ್ಟರಲ್ಲಿ ಹಳ್ಳದ ನೀರು ಕುಡಿದ ಇನ್ನೂ ಕೆಲವು ಮನೆಗಳವರಿಗೆ ಕುಣಿ ತೋಡಿದರು. ಆಮೇಲೆ ಹೆಂಗಸರು ಒಬ್ಬೊಬ್ಬರೇ, ಕೊಡದ ಬಾಯಿಗೆ ಸೆರಗು ಮುಚ್ಚಿಕೊಂಡು, ಬಾವಿಗೆ ಬಂದರು. ಪುಟ್ಟಬಸಮ್ಮ ಎಲ್ಲರಿಗಿಂತ ಕೊನೆಗೆ ಬಂದಳು.

ಸೂಜಿಮದ್ದು ಘಟ್ಟ ಹತ್ತಿ ಬಂದದ್ದು ಊರಿನಲ್ಲಿ ಸಾವು ನಿಂತ ಮೇಲೆ. ಶಿವನಂಜಯ್ಯ ಉಳಿದವರಿಗೆಲ್ಲ ಹಾಕಿದ. ಅಗರಕ್ಕೆ ಹೋಗಬೇಕಿದ್ದ ಕಾಗದ ಎಲ್ಲಿಗೆ ಹೋಯಿತೋ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಸುವರ್ಣಮ್ಮ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು. ಅತ್ತೆ ಎಂದು ಮತ್ತೆ ಕರೆಯಲಿಲ್ಲ. ಏನಾದರೂ ಹೇಳಬೇಕಾದರೆ ಮಲ್ಲುವಿನ ಮೂಲಕ ಹೇಳಿಸುತ್ತಿದ್ದಳು. ಬಾವಿಗೆ ಪುಡಿ ಹಾಕುವ ದಿನ ಮಾತ್ರ ಅವಳೂ ಕಟ್ಟೆಗೆ ಬರುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡಬಸಮ್ಮ ಅರ್ಧ ಚೊಂಬು ಕುಡಿದು, ಪಕ್ಕಕ್ಕೆ ತಿರುಗದೆ, ಕೈ ಚಾಚಿದಳು. ಸುವರ್ಣಮ್ಮ ಚೊಂಬನ್ನು ತೆಗೆದುಕೊಂಡು, ಅವಳ ಮುಖ ನೋಡದೆ, ಉಳಿದದ್ದನ್ನು ಎತ್ತಿ ಹೊಯ್ದುಕೊಂಡಳು. ಆಮೇಲೆ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಮನೆಗೆ ಹೋದರು.